ಅಪ್‌ಡೇಟ್: ಆಯಿಲ್ ಫಿಲ್ಟರ್ ಕೊನೆಗೂ ಬಿಚ್ಚಿತು

ಅಪ್ಪನ 1987ರ ಮಾರುತಿ 800ರ ಆಯಿಲ್ ಫಿಲ್ಟರ್ (ಇಂಜಿನ್ ಆಯಿಲ್ ಸೋಸುವ ತಗಡಿನ ಡಬ್ಬಿ) ಅಲುಗಾಡುತ್ತಲೇ ಇಲ್ಲ, ಏನು ಮಾಡಲಿ ಅಂತ ಹೋದ ವಾರ ಕೇಳಿದ್ದೆ. ಭಾನುವಾರ ಬಿಚ್ಚಿತು!

ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸಿ ಅಂತ ಕೆಲವರು ಹೇಳಿದ್ದಿರಿ. ಮೊದಲು ಅದನ್ನೇ ಮಾಡಿದೆ. ತಗಡು ಹರಿಯಿತು, ಫಿಲ್ಟರ್ ಕೂತಲ್ಲೇ ಕೂತಿತ್ತು. ಕಾರವಾರದ ಉಪ್ಪುಗಾಳಿಗೆ ಅದು ಮೊದಲೇ ತುಕ್ಕು ಹಿಡಿದಿತ್ತು ಅಲ್ವಾ.

ಆಮೇಲೆ ಪಕ್ಕದ ಮನೆಯ ಮಾವ ಚೈನ್ ರೆಂಚ್ ತಂದರು. ಅವರು ದೋಣಿ ಇಂಜಿನ್ ರಿಪೇರಿ ಮಾಡುವವರು. "ಹರಿದ ಕಡೆ ಹಿಡಿಬೇಡ, ಬುಡದಲ್ಲಿ ಹಿಡಿ" ಅಂದರು. ಇಂಜಿನ್‌ಗೆ ತಾಗುವ ಬುಡದಲ್ಲಿ ದಪ್ಪ ಪ್ಲೇಟ್ ಇರುತ್ತದೆ, ಅಲ್ಲಿ ಮುದುಡುವುದಿಲ್ಲ. ಇಂಜಿನ್ ಸ್ವಲ್ಪ ಬಿಸಿ ಮಾಡಿ, ಬುಡಕ್ಕೆ ಚೈನ್ ಸುತ್ತಿ, ಎಡಕ್ಕೆ ನಿಧಾನವಾಗಿ ಎಳೆದೆವು. ಟಕ್ ಅಂತ ಬಿಟ್ಟಿತು.

ಒಂದು ಮಾತು ಮರೀಬೇಡಿ. ಹಳೆಯ ಫಿಲ್ಟರ್‌ನ ರಬ್ಬರ್ ರಿಂಗ್ ಇಂಜಿನ್‌ಗೇ ಅಂಟಿಕೊಂಡಿತ್ತು, ಅದನ್ನು ಕಿತ್ತೆ. ಅದರ ಮೇಲೆಯೇ ಹೊಸ ಫಿಲ್ಟರ್ ಹಾಕಿದ್ದರೆ ಆಯಿಲ್ ಎಲ್ಲ ಸೋರಿಹೋಗುತ್ತಿತ್ತು. ಹೊಸ ರಿಂಗ್‌ಗೆ ಆಯಿಲ್ ಸವರಿದೆ. ರಿಂಗ್ ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ಬಿಗಿ ಮಾಡಿದೆ, ರೆಂಚ್ ಮುಟ್ಟಲಿಲ್ಲ.

ನಿನ್ನೆ ಅಪ್ಪನನ್ನು ಕೂರಿಸಿಕೊಂಡು ಅಂಕೋಲಾಕ್ಕೆ ಹೋಗಿ ಬಂದೆ. ಒಂದು ಹನಿಯೂ ಸೋರಿಲ್ಲ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.