ಪೈಥಾನ್‌ಪಾತ್ ಹಾಕಿದ ಮೇಲೆ ಪಿಪ್ ಕೂಡ ಓಡುತ್ತಿಲ್ಲ, ಕ್ರಾನ್‌ನಲ್ಲಂತೂ ಮಾಡ್ಯೂಲೇ ಸಿಗುತ್ತಿಲ್ಲ

ಅರ್ಕಾವತ್ತು ಕೇಳಿದ್ದು:

ನಮಸ್ಕಾರ. ನಾನು ಪೂರ್ತಿ ಪ್ರೋಗ್ರಾಮರ್ ಅಲ್ಲ, ಒಂದು ಸಣ್ಣ ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಆಗಿರುವ ಫೈಲುಗಳನ್ನು ಯೂನಿಕೋಡಿಗೆ ತಿರುಗಿಸಲು ಪೈಥಾನ್‌ನಲ್ಲಿ ಒಂದಿಷ್ಟು ಕೋಡ್ ಬರೆದುಕೊಂಡಿದ್ದೇನೆ. (ಒತ್ತಕ್ಷರ ಬೇಗ ಆಯ್ತು. ಅರ್ಕಾವತ್ತು ಆ ಫಾಂಟಿನಲ್ಲಿ ಅಕ್ಷರದ ನಂತರ ಬರುತ್ತೆ, ಯೂನಿಕೋಡಿನಲ್ಲಿ ಮೊದಲು ಬರಬೇಕು. ಅದೊಂದಕ್ಕೇ ತಿಂಗಳು ಹಿಡಿಯಿತು, ಹೆಸರು ಅಲ್ಲಿಂದಲೇ ಬಂದಿದ್ದು.)

ಈ ಕೋಡನ್ನು ಮೂರು ಬೇರೆ ಬೇರೆ ಕೆಲಸಗಳಿಗೆ ಬಳಸುತ್ತೇನೆ. ಮೂರೂ ಕಡೆ ಕಾಪಿ ಮಾಡಿ ಇಟ್ಟುಕೊಂಡಿದ್ದೆ. ಒಂದರಲ್ಲಿ ತಪ್ಪು ಸರಿಮಾಡಿದರೆ ಇನ್ನೆರಡರಲ್ಲಿ ಹಾಗೇ ಉಳಿಯುತ್ತಿತ್ತು. ಅದಕ್ಕೆ ಎಲ್ಲವನ್ನೂ ಹೋಮ್‌ನಲ್ಲಿ 'ಸಲಕರಣೆ' ಅಂತ ಒಂದು ಫೋಲ್ಡರಿಗೆ ಹಾಕಿ, ಬ್ಯಾಶ್‌ಆರ್‌ಸಿ ಫೈಲಿನಲ್ಲಿ (ಟರ್ಮಿನಲ್ ತೆರೆದಾಗ ಓದುವ ಸೆಟ್ಟಿಂಗ್ ಫೈಲು) ಪೈಥಾನ್‌ಪಾತ್‌ಗೆ, ಅಂದರೆ ಮಾಡ್ಯೂಲ್ ಎಲ್ಲೆಲ್ಲಿ ಹುಡುಕಬೇಕು ಅಂತ ಪೈಥಾನಿಗೆ ಹೇಳುವ ವೇರಿಯಬಲ್‌ಗೆ, ಆ ಫೋಲ್ಡರಿನ ವಿಳಾಸ ಎಕ್ಸ್‌ಪೋರ್ಟ್ ಮಾಡಿದೆ. ಟರ್ಮಿನಲ್‌ನಲ್ಲಿ ಇಂಪೋರ್ಟ್ ಚೆನ್ನಾಗೇ ಆಯಿತು, ಖುಷಿಯಾಯಿತು. ಆ ಖುಷಿ ಸಂಜೆತನಕ ಇತ್ತು ಅಷ್ಟೇ.

ಒಂದನೇ ತೊಂದರೆ: ರಾತ್ರಿ ಕ್ರಾನ್‌ನಲ್ಲಿ (ನಿಗದಿತ ಹೊತ್ತಿಗೆ ತಾನೇ ಕೆಲಸ ಓಡಿಸುವ ವ್ಯವಸ್ಥೆ) ಓಡುವ ಸ್ಕ್ರಿಪ್ಟಿಗೆ ಈ ಮಾಡ್ಯೂಲ್ ಸಿಗುವುದೇ ಇಲ್ಲ. ಕ್ರಾನ್ ಸಾಲಿನಲ್ಲಿ ಮೊದಲು ಸಿಡಿ ಮಾಡಿ ಸಲಕರಣೆ ಫೋಲ್ಡರಿಗೇ ಹೋಗಿ, ಅಲ್ಲಿಂದ ಸ್ಕ್ರಿಪ್ಟ್ ಓಡಿಸಿ ನೋಡಿದೆ. ಆದರೂ ಇಲ್ಲ.

ಎರಡನೇದು ಇನ್ನೂ ವಿಚಿತ್ರ. ಈಗ ಪೈಥಾನ್ ಪ್ಯಾಕೇಜುಗಳನ್ನು ಹಾಕುವ ಪಿಪ್‌ಗೆ ಇನ್‌ಸ್ಟಾಲ್ ಕೊಟ್ಟರೆ ಒಂದು ಪುಟ ಎರರ್ ಬಂದು ಕೊನೆಗೆ 'ನೋ ಮಾಡ್ಯೂಲ್ ನೇಮ್ಡ್ ಇಮೇಲ್.ಪಾರ್ಸರ್, ಇಮೇಲ್ ಈಸ್ ನಾಟ್ ಎ ಪ್ಯಾಕೇಜ್' ಅನ್ನುತ್ತೆ. ನಾನು ಪಿಪ್ ಮುಟ್ಟಿಲ್ಲ, ಇಮೇಲ್ ಅನ್ನೋದನ್ನೂ ಇನ್‌ಸ್ಟಾಲ್ ಮಾಡಿಲ್ಲ. ಉಬುಂಟು 24.04, ಪೈಥಾನ್ 3.12. ಪೈಥಾನ್ ಪೂರ್ತಿ ತೆಗೆದು ಮತ್ತೆ ಹಾಕಬೇಕಾ?

---

ಸೊನ್ನೆಯಿಂದ_ಎಣಿಕೆ:

ಅಯ್ಯೋ, ಪೈಥಾನ್ ತೆಗೆಯೋಕೆ ಹೋಗಬೇಡಿ! ಉಬುಂಟುವಿನ ಎಷ್ಟೋ ಭಾಗ ಅದರ ಮೇಲೇ ನಿಂತಿದೆ, ತೆಗೆದರೆ ಡೆಸ್ಕ್‌ಟಾಪೇ ಹೋಗಬಹುದು.

ಸುಲಭದ ದಾರಿ: ಪೈಥಾನ್‌ಪಾತ್ ಬಿಟ್ಟುಬಿಡಿ. ಪ್ರತಿ ಸ್ಕ್ರಿಪ್ಟಿನ ಮೇಲ್ಗಡೆ ಸಿಸ್ ಇಂಪೋರ್ಟ್ ಮಾಡಿ, ಸಿಸ್.ಪಾತ್.ಅಪೆಂಡ್ ಅಂತ ಕೊಟ್ಟು ಫೋಲ್ಡರಿನ ಪೂರ್ತಿ ವಿಳಾಸ ಬರೆಯಿರಿ. ಮುಗೀತು. ನಾನು ಎಷ್ಟೋ ವರ್ಷದಿಂದ ಹೀಗೇ ಮಾಡಿಕೊಂಡು ಬಂದಿದ್ದೇನೆ, ಏನೂ ಆಗಿಲ್ಲ.

---

ರಾತ್ರಿಪಾಳಿ:

ಅಪೆಂಡ್ ನಡೆಯುತ್ತೆ, ಇಲ್ಲ ಅನ್ನಲ್ಲ. ಆದರೆ ಅವರ ಎರಡನೇ ತೊಂದರೆ ಯಾಕೆ ಬಂತು ಅಂತ ಗೊತ್ತಾಗದೆ ಅದನ್ನು ಮಾಡಿದರೆ ಇನ್ನೊಂದು ದಿನ ಇನ್ನೊಂದು ರೂಪದಲ್ಲಿ ಬರುತ್ತೆ.

ಅರ್ಕಾವತ್ತು ಅವರೇ, ಒಂದು ಪ್ರಶ್ನೆ. ಆ ಸಲಕರಣೆ ಫೋಲ್ಡರಿನಲ್ಲಿ ಇಮೇಲ್.ಪೈ ಅಂತ ಫೈಲ್ ಇದೆ ತಾನೇ? ಇದ್ದೇ ಇರುತ್ತೆ ಅಂದುಕೊಂಡು ಮುಂದೆ ಬರೆಯುತ್ತೇನೆ.

ನೀವು ಇಂಪೋರ್ಟ್ ಅಂದಾಗ ಪೈಥಾನ್ ಸಿಸ್.ಪಾತ್ ಅನ್ನುವ ಪಟ್ಟಿಯಲ್ಲಿರುವ ಫೋಲ್ಡರುಗಳನ್ನು ಮೇಲಿಂದ ಕೆಳಗೆ ಒಂದೊಂದಾಗಿ ಹುಡುಕುತ್ತೆ. ಮೊದಲು ಎಲ್ಲಿ ಆ ಹೆಸರು ಸಿಗುತ್ತೋ ಅಲ್ಲಿಗೆ ನಿಲ್ಲುತ್ತೆ, ಮುಂದೆ ಇನ್ನೊಂದು ಇದೆಯಾ ಅಂತ ನೋಡಲ್ಲ. ಪಟ್ಟಿಯ ಮೊದಲ ಜಾಗ ಸ್ಕ್ರಿಪ್ಟ್ ಇರುವ ಫೋಲ್ಡರಿಗೆ. ಗಮನಿಸಿ, ನೀವು ನಿಂತಿರುವ ಫೋಲ್ಡರ್ ಅಲ್ಲ, ಸ್ಕ್ರಿಪ್ಟ್ ಫೈಲ್ ಕೂತಿರುವ ಫೋಲ್ಡರ್. ಕ್ರಾನ್‌ನಲ್ಲಿ ಸಿಡಿ ಮಾಡಿದರೂ ಕೆಲಸ ಆಗದೇ ಇದ್ದದ್ದು ಅದಕ್ಕೇ. ಎರಡನೇ ಜಾಗ ಪೈಥಾನ್‌ಪಾತ್‌ನಲ್ಲಿ ಕೊಟ್ಟ ಫೋಲ್ಡರುಗಳಿಗೆ. ಅದಾದ ಮೇಲೆ ಪೈಥಾನ್ ಜೊತೆಗೇ ಬರುವ ಸ್ಟ್ಯಾಂಡರ್ಡ್ ಲೈಬ್ರರಿ, ಎಲ್ಲಕ್ಕಿಂತ ಕೊನೆಗೆ ಪಿಪ್ ಹಾಕಿದ್ದು ಕೂರುವ ಸೈಟ್-ಪ್ಯಾಕೇಜಸ್. ಉಬುಂಟು, ಡೆಬಿಯನ್‌ನಲ್ಲಿ ಆಪ್ಟ್ (ಸಿಸ್ಟಮ್ಮಿನದೇ ಇನ್‌ಸ್ಟಾಲರ್) ಮೂಲಕ ಬಂದದ್ದು ಡಿಸ್ಟ್-ಪ್ಯಾಕೇಜಸ್‌ನಲ್ಲಿ ಇರುತ್ತೆ.

ಈಗ ನೋಡಿ. ಇಮೇಲ್ ಅನ್ನುವುದು ಸ್ಟ್ಯಾಂಡರ್ಡ್ ಲೈಬ್ರರಿಯ ಒಂದು ಪ್ಯಾಕೇಜ್, ಇಮೇಲ್.ಪಾರ್ಸರ್ ಅದರ ಒಳಗಿನದು. ಪಿಪ್‌ಗೆ ಇಂಟರ್ನೆಟ್ಟಿಗೆ ಹೋಗೋಕೂ ಅದು ಬೇಕು, ಪ್ಯಾಕೇಜುಗಳ ವಿವರ ಓದೋಕೂ ಬೇಕು. ನಿಮ್ಮ ಇಮೇಲ್.ಪೈ ಪೈಥಾನ್‌ಪಾತ್‌ನಲ್ಲಿ, ಅಂದರೆ ಕ್ಯೂನಲ್ಲಿ ಅದಕ್ಕಿಂತ ಮುಂದೆ ನಿಂತಿದೆ. ಪೈಥಾನ್ ನಿಮ್ಮ ಫೈಲನ್ನೇ ಎತ್ತಿಕೊಂಡಿತು, ಅದರೊಳಗೆ ಪಾರ್ಸರ್ ಹುಡುಕಿತು, ಅದು ಬರೀ ಒಂದು ಫೈಲು, ಪ್ಯಾಕೇಜ್ ಅಲ್ಲ ಅಂತ ಬೈದು ನಿಂತಿತು. ಎರರ್ ಅಕ್ಷರಶಃ ನಿಜವನ್ನೇ ಹೇಳುತ್ತಿದೆ ಪಾಪ.

ಪೈಥಾನ್‌ಪಾತ್ ಬಗ್ಗೆ ನನ್ನ ತಕರಾರೇ ಇದು. ಅದನ್ನು ಬ್ಯಾಶ್‌ಆರ್‌ಸಿಯಲ್ಲಿ ಹಾಕಿದರೆ ನಿಮ್ಮ ಮೂರು ಸ್ಕ್ರಿಪ್ಟಿಗೆ ಮಾತ್ರ ಅನ್ವಯ ಆಗಲ್ಲ, ಆ ಟರ್ಮಿನಲ್‌ನಿಂದ ಓಡುವ ಎಲ್ಲ ಪೈಥಾನ್ ಪ್ರೋಗ್ರಾಮಿಗೂ ಆಗುತ್ತೆ. ನಿಮ್ಮ ಮನೆ ಬೀಗದ ಕೈ ಊರಿಗೆಲ್ಲ ಕೊಟ್ಟ ಹಾಗೆ. ಆದರೆ ನಿಜವಾಗಿ ಬೇಕಿದ್ದ ಕ್ರಾನ್‌ಗೆ ಮಾತ್ರ ಸಿಗಲ್ಲ, ಯಾಕೆಂದರೆ ಕ್ರಾನ್ ಬ್ಯಾಶ್‌ಆರ್‌ಸಿ ಓದುವುದೇ ಇಲ್ಲ, ಅದು ಸುಮ್ನೆ ಎಸ್‌ಎಚ್ ಶೆಲ್‌ನಲ್ಲಿ ಬೇರೆಯದೇ ಒಂದು ಪುಟ್ಟ ವಾತಾವರಣ ಇಟ್ಟುಕೊಂಡು ಓಡುತ್ತೆ.

ಪರೀಕ್ಷೆ ಮಾಡಿ ನೋಡಿ: 'ಪೈಥಾನ್3 -ಇ -ಸಿ "ಇಂಪೋರ್ಟ್ ಇಮೇಲ್.ಪಾರ್ಸರ್"'. ದೊಡ್ಡ ಅಕ್ಷರದ ಇ. ಅದು ಪೈಥಾನ್ ಹೆಸರಿನ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನೆಲ್ಲ ಕಡೆಗಣಿಸುತ್ತೆ. ಇದಕ್ಕೆ ಎರರ್ ಬರದಿದ್ದರೆ ಅಪರಾಧಿ ಪೈಥಾನ್‌ಪಾತೇ. (ಕಮಾಂಡುಗಳನ್ನೂ ಕನ್ನಡದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿನಲ್ಲಿ ಮಾಡಿ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ?)

---

ಅರ್ಕಾವತ್ತು:

ಇಮೇಲ್.ಪೈ ಇದೆ ಸರ್!! ತಿರುಗಿಸಿದ ಫೈಲನ್ನು ಗಿರಾಕಿಗೆ ಕಳಿಸೋಕೆ ಬರೆದದ್ದು. ಹೇಗೆ ಗೊತ್ತಾಯ್ತು?

ಆದರೆ -ಇ ಹಾಕಿದರೂ ಕೊನೆಗೆ ಅದೇ ಎರರ್. ಒಂದಕ್ಷರ ವ್ಯತ್ಯಾಸ ಇಲ್ಲ.

---

ರಾತ್ರಿಪಾಳಿ:

ಯಾವ ಫೋಲ್ಡರಿನಲ್ಲಿ ನಿಂತು ಓಡಿಸಿದಿರಿ?

---

ಅರ್ಕಾವತ್ತು:

ಸಲಕರಣೆ ಫೋಲ್ಡರಿನಲ್ಲೇ. ಫೈಲ್ ಇದೆಯಾ ಅಂತ ನೋಡೋಕೆ ಒಳಗೆ ಹೋಗಿದ್ದೆ, ಅಲ್ಲೇ ಓಡಿಸಿದೆ.

---

ರಾತ್ರಿಪಾಳಿ:

ಹಾಗಾದರೆ ತಪ್ಪು ನನ್ನದೇ, ಹೇಳಬೇಕಿತ್ತು. ಮೇಲೆ ಹೇಳಿದ್ದು ಸ್ಕ್ರಿಪ್ಟ್ ಓಡಿಸುವಾಗಿನ ಲೆಕ್ಕ. -ಸಿ ಕೊಟ್ಟು ಕೋಡ್ ಸಾಲನ್ನು ನೇರವಾಗಿ ಓಡಿಸಿದರೆ ಮೊದಲ ಜಾಗ ನೀವು ನಿಂತಿರುವ ಫೋಲ್ಡರಿಗೆ ಹೋಗುತ್ತೆ. ಪೈಥಾನ್‌ಪಾತ್ ಕಡೆಗಣಿಸಿತು, ಆದರೆ ಕಾಲ ಕೆಳಗೇ ಇಮೇಲ್.ಪೈ ಬಿದ್ದಿತ್ತು!

ಬೇರೆ ಫೋಲ್ಡರಿಗೆ ಹೋಗಿ ಅದನ್ನೇ ಓಡಿಸಿ. ಇಲ್ಲವೇ ಅಲ್ಲೇ ನಿಂತು -ಇ ಬದಲು -ಐ ಕೊಡಿ, ದೊಡ್ಡ ಐ. ಅದು ನಿಂತಿರುವ ಫೋಲ್ಡರನ್ನೂ ಬಿಡುತ್ತೆ, ವೇರಿಯಬಲ್‌ಗಳನ್ನೂ ಬಿಡುತ್ತೆ. ಮೊದಲ ಜಾಗ ಒಂದನ್ನೇ ಬಿಡಿಸಬೇಕಾದರೆ -ಪಿ ಇದೆ, 3.11ರಲ್ಲಿ ಬಂದದ್ದು.

---

ಅರ್ಕಾವತ್ತು:

-ಐ ಕೊಟ್ಟೆ, ಎರರ್ ಬರಲಿಲ್ಲ!

ಸರಿ, ಕಾರಣ ಅರ್ಥ ಆಯ್ತು. ಈಗ ಸರಿಯಾದ ದಾರಿ ಯಾವುದು? ಫೈಲಿನ ಹೆಸರು ಬದಲಿಸಿ ಪೈಥಾನ್‌ಪಾತ್ ಹಾಗೇ ಬಿಡಲಾ?

---

ತೆಂಗಿನಕಾಯಿ_ಡೀಬಗ್:

ನಡುವೆ ಬಾಯಿ ಹಾಕ್ತಿದೀನಿ. ಹೆಸರು ಹೇಗಿದ್ದರೂ ಬದಲಿಸಿ, ಅದರಲ್ಲಿ ಎರಡು ಮಾತಿಲ್ಲ. ಇಮೇಲ್, ರ‍್ಯಾಂಡಮ್, ಟೋಕನ್, ಕ್ಯೂ ಇವೆಲ್ಲ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಈಗಾಗಲೇ ಇರುವ ಹೆಸರುಗಳು. ಕಲಿಯುವವರು ರ‍್ಯಾಂಡಮ್ ಕಲಿಯೋಣ ಅಂತ ರ‍್ಯಾಂಡಮ್.ಪೈ ಅಂತಲೇ ಸೇವ್ ಮಾಡಿ ತಲೆ ಚಚ್ಚಿಕೊಳ್ಳುವುದು ನಾನು ನೋಡುತ್ತಲೇ ಇರುತ್ತೇನೆ. 3.13ರಿಂದ ಎಷ್ಟೋ ಸಲ ಎರರ್ ಸಂದೇಶವೇ 'ನಿಮ್ಮ ಫೈಲಿನ ಹೆಸರು ಬದಲಿಸಿ ನೋಡಿ' ಅಂತ ಸೂಚಿಸುತ್ತೆ, ನೀವು 3.12ರಲ್ಲಿ ಇರೋದರಿಂದ ಆ ಭಾಗ್ಯ ಇಲ್ಲ.

ಪೈಥಾನ್‌ಪಾತ್ ಬದಲು ನಾನು ಮಾಡುವುದು ಇದು. ಕೆಲಸಕ್ಕೆ ಒಂದು ವೆನ್ವ್ (ಆ ಕೆಲಸದ ಪ್ಯಾಕೇಜುಗಳನ್ನು ಬೇರೆಯಾಗಿ ಇಡುವ ಪೈಥಾನ್ ಫೋಲ್ಡರ್) ಮಾಡಿ, ಅದರ ಸೈಟ್-ಪ್ಯಾಕೇಜಸ್ ಒಳಗೆ ಸಲಕರಣೆ.ಪಿಟಿಎಚ್ ಅಂತ ಒಂದು ಫೈಲ್ ಇಡಿ. ಅದರಲ್ಲಿ ಒಂದೇ ಸಾಲು, ಫೋಲ್ಡರಿನ ಪೂರ್ತಿ ವಿಳಾಸ. ಪೈಥಾನ್ ಶುರುವಾಗುವಾಗ ಅದನ್ನು ಓದಿ ಪಟ್ಟಿಯ ಕೊನೆಗೆ ಸೇರಿಸುತ್ತೆ. ಕೊನೆಗೆ ಅನ್ನೋದು ಮುಖ್ಯ, ಸ್ಟ್ಯಾಂಡರ್ಡ್ ಲೈಬ್ರರಿಯನ್ನು ನಿಮ್ಮ ಫೈಲ್ ಮುಚ್ಚಿಹಾಕಲ್ಲ.

---

ರಾತ್ರಿಪಾಳಿ:

ಮುಚ್ಚಿಹಾಕಲ್ಲ ನಿಜ, ಆದರೆ ಹೆಸರು ಬದಲಿಸದೇ ಪಿಟಿಎಚ್ ಇಟ್ಟರೆ ಉಲ್ಟಾ ತೊಂದರೆ. ಆಗ ಅವರ ಸ್ಕ್ರಿಪ್ಟ್ ಇಂಪೋರ್ಟ್ ಇಮೇಲ್ ಅಂದರೆ ಪೈಥಾನ್‌ನದ್ದು ಬರುತ್ತೆ, ಅವರು ಬರೆದ ಫಂಕ್ಷನ್ ಅದರಲ್ಲಿ ಇಲ್ಲ ಅಂತ ಆಟ್ರಿಬ್ಯೂಟ್ ಎರರ್. ಮೇಲೆ ಹೇಳಿದ ಅಪೆಂಡ್‌ನಲ್ಲೂ ಇದೇ ಕಥೆ.

ನಾನಾದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಪ್ಯಾಕೇಜ್ ಮಾಡಿಬಿಡುತ್ತೇನೆ, ಹತ್ತು ನಿಮಿಷದ ಕೆಲಸ. ಸಲಕರಣೆ ಫೋಲ್ಡರಿನಲ್ಲಿ ಎಸ್‌ಆರ್‌ಸಿ ಅಂತ ಒಂದು ಫೋಲ್ಡರ್, ಅದರೊಳಗೆ ಮತ್ತೆ ಸಲಕರಣೆ ಅಂತ ಒಂದು, ನಿಮ್ಮ ಪೈ ಫೈಲುಗಳೆಲ್ಲ ಅದರಲ್ಲಿ, ಜೊತೆಗೆ ಖಾಲಿ ಡಂಡರ್ ಇನಿಟ್ ಫೈಲ್ (ಇನಿಟ್‌ನ ಎರಡೂ ಬದಿ ಎರಡೆರಡು ಅಂಡರ್‌ಸ್ಕೋರ್). ಮೇಲ್ಗಡೆ ಪೈಪ್ರಾಜೆಕ್ಟ್.ಟಾಮ್ಲ್, ಅದರಲ್ಲಿ ಪ್ರಾಜೆಕ್ಟ್ ತಲೆಬರಹದ ಕೆಳಗೆ ಹೆಸರು, ವರ್ಷನ್, ಎರಡೇ ಸಾಲು ಸಾಕು. ಪೈ ಫೈಲುಗಳನ್ನು ಹಾಗೇ ಮೇಲ್ಗಡೆ ಹರಡಿ ಬಿಡಬೇಡಿ, ಪ್ಯಾಕೇಜ್ ಕಟ್ಟುವ ಸೆಟಪ್‌ಟೂಲ್ಸ್ ಯಾವುದನ್ನು ತಗೊಳ್ಳಲಿ ಅಂತ ಗೊತ್ತಾಗದೆ ಒಲ್ಲೆ ಅನ್ನುತ್ತೆ.

ಆಮೇಲೆ ಬ್ಯಾಶ್‌ಆರ್‌ಸಿಯ ಆ ಸಾಲು ತೆಗೆದು ಹೊಸ ಟರ್ಮಿನಲ್ ತೆರೆಯಿರಿ. (ಹಳೇ ಟರ್ಮಿನಲ್‌ನಲ್ಲಿ ವೇರಿಯಬಲ್ ಇನ್ನೂ ಜೀವಂತ ಇರುತ್ತೆ, ಇದರಲ್ಲಿ ನಾನೇ ಎರಡು ಸಲ ಏಮಾರಿದ್ದೇನೆ.) ಮೂರೂ ಕೆಲಸಗಳಿಗೆ ಒಂದೊಂದು ವೆನ್ವ್ ಮಾಡಿ. ಉಬುಂಟುವಿನಲ್ಲಿ ಅದಕ್ಕೆ ಪೈಥಾನ್3-ವೆನ್ವ್ ಅನ್ನುವುದನ್ನು ಆಪ್ಟ್‌ನಿಂದ ಹಾಕಿಕೊಳ್ಳಬೇಕಾಗಬಹುದು. ಪ್ರತಿ ವೆನ್ವ್‌ನ ಪಿಪ್‌ನಿಂದ ಇನ್‌ಸ್ಟಾಲ್ -ಇ ಕೊಟ್ಟು (ಇದು ಚಿಕ್ಕ ಇ) ಸಲಕರಣೆಯ ವಿಳಾಸ ಕೊಡಿ. ಅದು ಫೈಲ್ ಕಾಪಿ ಮಾಡಲ್ಲ, ಒಂದು ಪಿಟಿಎಚ್ ಫೈಲಿನಲ್ಲಿ ಎಸ್‌ಆರ್‌ಸಿಯ ವಿಳಾಸ ಬರೆದಿಡುತ್ತೆ. ಮೇಲಿನವರು ಕೈಯಲ್ಲಿ ಮಾಡಿ ಅಂದದ್ದನ್ನೇ ಪಿಪ್ ತಾನು ಮಾಡುತ್ತೆ ಅನ್ನಿ. ಹಾಗಾಗಿ ಅರ್ಕಾವತ್ತಿನ ತಪ್ಪು ಒಂದು ಕಡೆ ಸರಿಮಾಡಿದರೆ ಮೂರೂ ಕಡೆ ಸರಿ.

ವೆನ್ವ್ ಇಲ್ಲದೆ ಸಿಸ್ಟಮ್ ಪೈಥಾನಿಗೇ ಪಿಪ್‌ನಿಂದ ಹಾಕೋಕೆ ಹೋದರೆ 24.04ರಲ್ಲಿ 'ಎಕ್ಸ್‌ಟರ್ನಲಿ ಮ್ಯಾನೇಜ್ಡ್' ಅಂತ ತಡೆಯುತ್ತೆ. ಬಲವಂತ ಮಾಡುವ ಆಯ್ಕೆಯೂ ಇದೆ, ಅದರ ಕಡೆ ನೋಡಲೂ ಬೇಡಿ.

ಕ್ರಾನ್‌ನಲ್ಲಿ ವೆನ್ವ್ ಆಕ್ಟಿವೇಟ್ ಮಾಡುವ ಗೋಜು ಬೇಡ. ಆ ವೆನ್ವ್‌ನ ಬಿನ್ ಒಳಗಿರುವ ಪೈಥಾನಿನ ಪೂರ್ತಿ ವಿಳಾಸ ಬರೆದು, ಮುಂದೆ ಸ್ಕ್ರಿಪ್ಟಿನ ಪೂರ್ತಿ ವಿಳಾಸ. ಆ ಪೈಥಾನ್ ಬಿನ್‌ನ ಮೇಲಿನ ಫೋಲ್ಡರಿನಲ್ಲಿರುವ ಪೈವೆನ್ವ್.ಸಿಎಫ್‌ಜಿ ನೋಡಿಕೊಂಡು ತನ್ನ ಸೈಟ್-ಪ್ಯಾಕೇಜಸ್ ಯಾವುದು ಅಂತ ತಾನೇ ಕಂಡುಕೊಳ್ಳುತ್ತೆ.

---

ಸೊನ್ನೆಯಿಂದ_ಎಣಿಕೆ:

ಅಪೆಂಡ್ ಒಂದು ಸಾಲಿನಲ್ಲಿ ಮುಗಿಯುತ್ತಿತ್ತು, ನೀವು ಕಾರ್ಖಾನೆಯನ್ನೇ ಕಟ್ಟಿಸಿದಿರಿ 😄 ಪೈಥಾನ್‌ಪಾತ್ ಅಷ್ಟೇನೂ ಕೆಟ್ಟದ್ದಲ್ಲ. ಕ್ರಾನ್ ಸಾಲಿನಲ್ಲೇ ಕಮಾಂಡಿನ ಮುಂದೆ ಪೈಥಾನ್‌ಪಾತ್ ಕೊಟ್ಟರೆ ಅದೊಂದು ಕಮಾಂಡಿಗೆ ಮಾತ್ರ ಅನ್ವಯ ಆಗುತ್ತೆ.

---

ರಾತ್ರಿಪಾಳಿ:

ಒಪ್ಪಿದೆ, ಹಾಗೆ ಒಂದೇ ಕಮಾಂಡಿಗೆ ಕಟ್ಟಿದರೆ ನನ್ನ ತಕರಾರಿಲ್ಲ. ಫೋಲ್ಡರುಗಳ ನಡುವೆ ಲಿನಕ್ಸ್‌ನಲ್ಲಿ ಕೋಲನ್, ವಿಂಡೋಸ್‌ನಲ್ಲಿ ಸೆಮಿಕೋಲನ್. ಕೋಟ್ ಒಳಗೆ ಟಿಲ್ಡೆ ಬರೆದರೆ ಅದು ಹೋಮ್ ಆಗಲ್ಲ. ಇಲ್ಲದ ಫೋಲ್ಡರ್ ಕೊಟ್ಟರೂ ಪೈಥಾನ್ ತುಟಿ ಬಿಚ್ಚಲ್ಲ, ಸುಮ್ನೆ ದಾಟಿ ಹೋಗುತ್ತೆ.

---

ಅರ್ಕಾವತ್ತು:

ಎರಡು ದಿನ ಆಯ್ತು, ವರದಿ ಒಪ್ಪಿಸುತ್ತಿದ್ದೇನೆ. ಇಮೇಲ್.ಪೈ ಈಗ ಅಂಚೆ.ಪೈ ಆಗಿದೆ. ಪ್ಯಾಕೇಜ್ ಮಾಡಿದೆ, ಮೂರು ವೆನ್ವ್ ಆದವು, ನಿನ್ನೆ ರಾತ್ರಿ ಕ್ರಾನ್ ಓಡಿ ಬೆಳಿಗ್ಗೆ ಫೈಲುಗಳು ರೆಡಿ ಇದ್ದವು. ಸ್ಕ್ರಿಪ್ಟಿನಲ್ಲಿ ಇಂಪೋರ್ಟ್ ಸಾಲುಗಳನ್ನು 'ಸಲಕರಣೆಯಿಂದ ಅಂಚೆ' ಅಂತ ಬದಲಿಸಬೇಕಾಯಿತು, ಅದೊಂದು ಮರೆತು ಅರ್ಧ ಗಂಟೆ ಹೋಯ್ತು.

ಒಂದು ಸಣ್ಣ ಅನುಮಾನ. ಹಳೇ ಪೈಕ್ಯಾಶ್ ಫೋಲ್ಡರಿನಲ್ಲಿ ಇಮೇಲ್ ಹೆಸರಿನ ಪಿವೈಸಿ ಫೈಲ್ (ಪೈಥಾನ್ ಕಂಪೈಲ್ ಮಾಡಿಟ್ಟ ಪ್ರತಿ) ಇನ್ನೂ ಇದೆ. ಅದನ್ನು ಅಳಿಸದಿದ್ದರೆ ಮತ್ತೆ ಅದೇ ಕಾಟ ಬರುತ್ತೆ ಅಂತ ಗೆಳೆಯರೊಬ್ಬರು ಹೆದರಿಸಿದರು. ಹೌದಾ?

---

ತೆಂಗಿನಕಾಯಿ_ಡೀಬಗ್:

ಅವರು ಪೈಥಾನ್ 2 ಕಾಲದವರಿರಬೇಕು. ಆಗ ಪಿವೈಸಿ ಮೂಲ ಫೈಲಿನ ಪಕ್ಕದಲ್ಲೇ ಕೂರುತ್ತಿತ್ತು, ಮೂಲ ಅಳಿಸಿದರೂ ಅದು ಇಂಪೋರ್ಟ್ ಆಗಿಬಿಡುತ್ತಿತ್ತು, ನಿಜವಾಗಲೂ ದೆವ್ವದ ಕಾಟ. ಈಗ ಪೈಕ್ಯಾಶ್ ಒಳಗಿನದನ್ನು ಮೂಲ ಫೈಲ್ ಇಲ್ಲದಿದ್ದರೆ ಪೈಥಾನ್ ಮುಟ್ಟಲ್ಲ. ಬೇಕಾದರೆ ಅಳಿಸಿ, ಬೇಡದಿದ್ದರೆ ಬಿಡಿ.

ಅಂದಹಾಗೆ ಆ ಅರ್ಕಾವತ್ತಿನ ಕೋಡ್ ಇಲ್ಲಿ ಹಾಕ್ತೀರಾ? ನಮ್ಮಲ್ಲೂ ಒಂದು ಪೆಟ್ಟಿಗೆ ಹಳೇ ನುಡಿ ಫೈಲುಗಳಿವೆ.