ಹಾಯಿದೋಣಿಗೆ ಡೀಸೆಲ್ ಉಳಿಸುವ ಪ್ರೊಪೆಲ್ಲರ್ ಯಾವುದು?

ಪ್ರಶ್ನೆ: ನಮಸ್ಕಾರ ಸರ್. ನನ್ನದು 31 ಅಡಿಯ ಹಾಯಿದೋಣಿ. ನೀರಿನ ಮಟ್ಟದಲ್ಲಿ ಅಳೆದರೆ 25 ಅಡಿ, ತೂಕ ಸುಮಾರು 5 ಟನ್. 20 ಅಶ್ವಶಕ್ತಿಯ ಡೀಸೆಲ್ ಇಂಜಿನ್, ಗರಿಷ್ಠ 3600 ಆರ್‌ಪಿಎಂ. ಗೇರ್‌ಬಾಕ್ಸ್ 2.6ಕ್ಕೆ 1. ಈಗಿರುವುದು ಮೂರು ಬ್ಲೇಡಿನ ಮಾಮೂಲಿ ಪ್ರೊಪೆಲ್ಲರ್, ಮೇಲೆ 15×12 ಅಂತ ಕೊರೆದಿದೆ. 2400ರಲ್ಲಿ ಓಡಿಸಿದರೆ 5.3 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ವೇಗ ಬರುತ್ತದೆ, ಗಂಟೆಗೆ ಎರಡು ಲೀಟರಿಗಿಂತ ಜಾಸ್ತಿ ಡೀಸೆಲ್ ಕುಡಿಯುತ್ತದೆ. ಪೂರ್ತಿ ಥ್ರಾಟಲ್ ಕೊಟ್ಟರೂ 2900 ದಾಟುವುದಿಲ್ಲ, ಕಪ್ಪು ಹೊಗೆ ಬೇರೆ. ಮಡಚುವ ಪ್ರೊಪೆಲ್ಲರ್ ಹಾಕಿಸಿದರೆ ಡೀಸೆಲ್ ಉಳಿಯುತ್ತದೆ ಅಂತಾರೆ. ದುಡ್ಡು ಹಾಕುವ ಮುಂಚೆ ನಿಮ್ಮನ್ನು ಕೇಳೋಣ ಅನ್ನಿಸಿತು.

ಉತ್ತರ: ನಮಸ್ಕಾರ. ಎಲ್ಲ ಅಂಕಿ ಕೊಟ್ಟಿದ್ದು ಒಳ್ಳೆಯದಾಯಿತು, ಅದಿಲ್ಲದೆ ಪ್ರೊಪೆಲ್ಲರ್ ಬಗ್ಗೆ ಮಾತಾಡೋಕೆ ಆಗೋದೇ ಇಲ್ಲ.

15 ಅಂದರೆ ವ್ಯಾಸ, 12 ಅಂದರೆ ಪಿಚ್, ಎರಡೂ ಇಂಚಿನಲ್ಲಿ. ಮರಕ್ಕೆ ಸ್ಕ್ರೂ ತಿರುಗಿಸಿದ ಹಾಗೆ ಒಂದು ಸುತ್ತಿಗೆ ಎಷ್ಟು ಮುಂದೆ ಹೋಗಬೇಕೋ ಅದು ಪಿಚ್. ಇಂಜಿನ್ 2400ರಲ್ಲಿದ್ದಾಗ, ಗೇರ್‌ಬಾಕ್ಸಿನ 2.6ರಿಂದ ಭಾಗಿಸಿದರೆ, ಪ್ರೊಪೆಲ್ಲರ್ ಕೂತಿರುವ ನಿಮ್ಮ ಶಾಫ್ಟ್ ನಿಮಿಷಕ್ಕೆ ಸುಮಾರು 923 ಸುತ್ತು ತಿರುಗುತ್ತಿದೆ. ಆ ಲೆಕ್ಕದಲ್ಲಿ ದೋಣಿ 9.1 ನಾಟ್ ಹೋಗಬೇಕು, ಹೋಗ್ತಿರೋದು 5.3. ಉಳಿದ 42% ಜಾರಿಕೆ. ಇದಕ್ಕೆ ಗಾಬರಿ ಬೇಡ. ನೀರು ಮರದ ಹಾಗೆ ಗಟ್ಟಿ ಅಲ್ಲ, ಭಾರದ ಹಾಯಿದೋಣಿಗಳಲ್ಲಿ ಇಷ್ಟು ಜಾರಿಕೆ ಮಾಮೂಲು.

ಗಾಬರಿ ಪಡಬೇಕಾದ್ದು ಆ 2900ಕ್ಕೆ. ಪ್ರೊಪೆಲ್ಲರ್ ಸರಿಯಾಗಿದ್ದರೆ ಪೂರ್ತಿ ಥ್ರಾಟಲಿನಲ್ಲಿ ಇಂಜಿನ್ ತನ್ನ 3600ರ ಹತ್ತಿರ ಬರಲೇಬೇಕು. ಬರ್ತಿಲ್ಲ, ಹೊಗೆ ಕಪ್ಪಾಗಿದೆ ಅಂದರೆ ಅದಕ್ಕೆ ಹೊರಲಾರದ ಹೊರೆ ಬಿದ್ದಿದೆ. ಒಂದು ಮಾತು ಕೇಳ್ತೀನಿ: ಪ್ರೊಪೆಲ್ಲರ್ ಕೊನೆಯ ಸಲ ಉಜ್ಜಿದ್ದು ಯಾವಾಗ?

ಪ್ರಶ್ನೆ: ಏಳೆಂಟು ತಿಂಗಳಾಯಿತು ಸರ್.

ಉತ್ತರ: ಹಾಗಾದರೆ ಮೊದಲು ನೀರಿಗಿಳಿದು ನೋಡಿ. ಇಂಜಿನ್ ಆಫ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿಕೊಂಡ ಮೇಲೆಯೇ ಇಳಿಯಬೇಕು.

ಹೊಸ ಪ್ರೊಪೆಲ್ಲರ್ ಬೇಕು ಅಂತ ಬಂದ ಒಂದು ದೋಣಿಯನ್ನು ಮೇಲೆತ್ತಿ ನೋಡಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಬ್ಲೇಡಿನ ಬೆನ್ನ ಮೇಲೆ ತೊಗರಿಕಾಳಿನ ಗಾತ್ರದ ಚಿಪ್ಪುಗಳು ಒತ್ತೊತ್ತಾಗಿ ಕೂತಿದ್ದವು. ಕೈ ಆಡಿಸಿದರೆ ತುರಿಯೋ ಮಣೆ ಮುಟ್ಟಿದ ಹಾಗೆ. ಕೆರೆದು, ನಯವಾದ ಉಪ್ಪುಕಾಗದದಲ್ಲಿ ಉಜ್ಜಿದೆವು, ಅಷ್ಟೇ. ಅವರು ಹೊಸದನ್ನು ಕೊಳ್ಳಲೇ ಇಲ್ಲ. ಬ್ಲೇಡ್ ನಯವಾಗಿಲ್ಲದಿದ್ದರೆ ಎಂಥ ದುಬಾರಿ ಪ್ರೊಪೆಲ್ಲರ್ ಆದರೂ ನೀರನ್ನು ಸುಮ್ನೆ ಕಲಕುತ್ತದೆ.

ಇನ್ನೊಬ್ಬ ಸದಸ್ಯರು: ಸರ್, ವ್ಯಾಸ ದೊಡ್ಡದಿದ್ದಷ್ಟೂ ಡೀಸೆಲ್ ಉಳಿತಾಯ ಅಂತ ಕೇಳಿದ್ದೆ. ಇವರು 16 ಇಂಚಿನದ್ದು ಹಾಕಬಹುದಲ್ವಾ?

ಉತ್ತರ: ಕೇಳಿದ್ದು ಸರಿ. ದೊಡ್ಡ ವ್ಯಾಸ, ನಿಧಾನ ತಿರುಗುವಿಕೆ: ಹಾಯಿದೋಣಿಗೆ ಇದೇ ಒಳ್ಳೆಯ ಜೋಡಿ. ಜಾಸ್ತಿ ನೀರನ್ನು ಮೆಲ್ಲಗೆ ತಳ್ಳುವುದರಲ್ಲಿ ಶಕ್ತಿ ಕಡಿಮೆ ಪೋಲಾಗುತ್ತದೆ. ಆದರೆ ಬ್ಲೇಡಿನ ತುದಿಗೂ ದೋಣಿಯ ತಳಕ್ಕೂ ನಡುವೆ ವ್ಯಾಸದ 10ರಿಂದ 15% ಜಾಗ ಬಿಡಬೇಕು, ಇಲ್ಲದಿದ್ದರೆ ನಡುಕ, ಸದ್ದು ಶುರುವಾಗುತ್ತದೆ. ಇವರು ಆ ಜಾಗ ಎಷ್ಟಿದೆ ಅಂತ ಅಳೆದು ಹೇಳಲಿ. ಮತ್ತೆ, ವ್ಯಾಸ ಹೆಚ್ಚಿಸಿದರೆ ಇಂಜಿನ್ ಮೇಲೆ ಹೊರೆಯೂ ಹೆಚ್ಚುತ್ತದೆ. ಒಂದು ಇಂಚು ವ್ಯಾಸ ಸುಮಾರು ಎರಡು ಇಂಚು ಪಿಚ್‌ಗೆ ಸಮ.

ಪ್ರಶ್ನೆ: ಮಡಚುವುದು ಒಳ್ಳೆಯದೋ, ಬ್ಲೇಡ್ ತಿರುಗಿ ಅಂಚನ್ನು ನೀರಿನ ಹರಿವಿಗೆ ಕೊಟ್ಟು ನಿಲ್ಲುವ ಫೆದರಿಂಗ್ ಒಳ್ಳೆಯದೋ? ವರ್ಷಕ್ಕೆ ಸುಮಾರು 100 ಗಂಟೆ ಇಂಜಿನ್ ಓಡಿಸ್ತೀನಿ. ಹಾಯಿಯಲ್ಲಿ ವೇಗ 4 ನಾಟಿಗಿಂತ ಕೆಳಗಿಳಿದರೆ ಇಂಜಿನ್ ಹಾಕೋದು ನಮ್ಮ ಅಭ್ಯಾಸ.

ಉತ್ತರ: ನಿಮ್ಮ ಕೊನೆಯ ಸಾಲಿನಲ್ಲೇ ಉತ್ತರ ಇದೆ. ಇಂಜಿನ್ ಓಡುತ್ತಿರುವಾಗ ಮಡಚುವ ಪ್ರೊಪೆಲ್ಲರ್ ನಿಮಗೆ ಹೇಳಿಕೊಳ್ಳುವಷ್ಟು ಡೀಸೆಲ್ ಉಳಿಸುವುದಿಲ್ಲ. ಮುಂದಕ್ಕೆ ತಳ್ಳುವ ಕೆಲಸದಲ್ಲಿ ಸರಿಯಾದ ಅಳತೆಯ ಮಾಮೂಲಿ ಪ್ರೊಪೆಲ್ಲರ್ ಯಾವುದಕ್ಕೂ ಕಡಿಮೆ ಇಲ್ಲ. ಉಳಿತಾಯ ಆಗುವುದು ಇಂಜಿನ್ ಆಫ್ ಇದ್ದಾಗ. ನಿಮ್ಮ ಮೂರು ಬ್ಲೇಡ್ ಹಾಯಿಯಲ್ಲಿ ಹೋಗುವಾಗ ಹಿಂದೆ ಬಕೆಟ್ ಎಳೆದ ಹಾಗೆ ಹಿಡಿದಿಡುತ್ತದೆ. ಅರ್ಧ ನಾಟ್ ಹೋಗಬಹುದು, ಕೆಲವು ದೋಣಿಗಳಲ್ಲಿ ಅದಕ್ಕಿಂತ ಜಾಸ್ತಿ. ತೆಳುಗಾಳಿಯಲ್ಲಿ ಈಗ 3.7ಕ್ಕೆ ಇಳಿದು ನೀವು ಕೀ ತಿರುಗಿಸುತ್ತೀರಿ. ಬ್ಲೇಡ್ ಮಡಚಿಕೊಂಡಿದ್ದರೆ ಅದೇ ಗಾಳಿಗೆ 4.2 ಇರುತ್ತಿತ್ತು, ಕೀ ಮುಟ್ಟುತ್ತಿರಲಿಲ್ಲ. ಆ 100 ಗಂಟೆ ಎಷ್ಟಕ್ಕೆ ಇಳಿಯುತ್ತದೆ ಅನ್ನುವುದೇ ನಿಮ್ಮ ಲೆಕ್ಕ.

ಮಡಚುವುದಕ್ಕೆ ಎಳೆತ ತೀರಾ ಕಡಿಮೆ. ಆದರೆ ರಿವರ್ಸ್‌ನಲ್ಲಿ ನೀರಿನ ಒತ್ತಡ ಬ್ಲೇಡನ್ನು ಮುಚ್ಚಲು ನೋಡುತ್ತದೆ, ತಿರುಗುವ ರಭಸವೇ ಅದನ್ನು ಬಿಡಿಸಿ ಹಿಡಿಯಬೇಕು. ದೋಣಿ ನಿಲ್ಲಿಸುವಾಗ ಸ್ವಲ್ಪ ಮೊದಲೇ, ಸ್ವಲ್ಪ ಜೋರಾಗಿ ಥ್ರಾಟಲ್ ಕೊಡಬೇಕು. ಫೆದರಿಂಗ್ ಪ್ರೊಪೆಲ್ಲರಿನ ಬ್ಲೇಡ್ ರಿವರ್ಸ್‌ನಲ್ಲೂ ಸರಿಯಾದ ಅಂಚನ್ನೇ ಮುಂದೆ ಮಾಡಿ ನಿಲ್ಲುತ್ತದೆ, ಹಿಡಿತ ಚೆನ್ನಾಗಿರುತ್ತದೆ. ಆದರೆ ಚಪ್ಪಟೆ ಬ್ಲೇಡ್ ಆದ್ದರಿಂದ ಮುಂದಕ್ಕೆ ಹೋಗುವಾಗ ಚೂರು ನಷ್ಟ. ಮ್ಯಾಕ್ಸ್‌ಪ್ರಾಪ್ ಬ್ರ್ಯಾಂಡಿನ ತರಹದ ಫೆದರಿಂಗ್ ಪ್ರೊಪೆಲ್ಲರ್‌ಗಳಲ್ಲಿ ಪಿಚ್ ಬದಲಿಸಿಕೊಳ್ಳಬಹುದು, ಅದು ದೊಡ್ಡ ಅನುಕೂಲ. ಇಕ್ಕಟ್ಟಾದ ಜಾಗದಲ್ಲಿ ದಿನಾ ಹಿಂದೆ ಮುಂದೆ ಮಾಡುವವರಾದರೆ ಫೆದರಿಂಗ್, ಇಲ್ಲದಿದ್ದರೆ ಮಡಚುವುದು. ನನ್ನ ಮತ ಇದು.

ಇನ್ನೊಬ್ಬ ಸದಸ್ಯರು: ನನ್ನ ಹತ್ತಿರ ಮಾಮೂಲಿಯದ್ದೇ ಇದೆ, ಹೊಸದಕ್ಕೆ ದುಡ್ಡಿಲ್ಲ. ಹಾಯಿಯಲ್ಲಿ ಹೋಗುವಾಗ ಗೇರಿನಲ್ಲಿ ಲಾಕ್ ಮಾಡಲೋ, ತಿರುಗಲು ಬಿಡಲೋ?

ಉತ್ತರ: ಮೂರು ಬ್ಲೇಡಿನದ್ದಾದರೆ ಸಾಮಾನ್ಯವಾಗಿ ತಿರುಗಲು ಬಿಟ್ಟರೆ ಎಳೆತ ಕಡಿಮೆ. ಆದರೆ ಇಂಜಿನ್ ಆಫ್ ಇದ್ದಾಗ ಕೆಲವು ಗೇರ್‌ಬಾಕ್ಸ್‌ಗಳ ಒಳಗೆ ಎಣ್ಣೆ ಓಡಾಡುವುದಿಲ್ಲ, ತಿರುಗುತ್ತಲೇ ಇದ್ದರೆ ಹಾಳಾಗುತ್ತದೆ. ನಿಮ್ಮ ಗೇರ್‌ಬಾಕ್ಸಿನ ಪುಸ್ತಕ ಏನು ಹೇಳುತ್ತದೋ ಅದೇ ಮಾಡಿ. ಎರಡು ಬ್ಲೇಡಿನದ್ದಿದ್ದು, ಮುಂದೆ ಉದ್ದ ಕೀಲ್ (ದೋಣಿಯ ತಳದಿಂದ ಕೆಳಕ್ಕೆ ಚಾಚಿದ ರೆಕ್ಕೆಯಂಥ ಭಾಗ) ಇದ್ದರೆ ಒಂದು ಉಪಾಯ ಇದೆ. ಬ್ಲೇಡ್ ಲಂಬವಾಗಿ ನಿಂತಾಗ ಶಾಫ್ಟಿನ ಮೇಲ್ಭಾಗಕ್ಕೆ ಒಳಗಡೆ ಬಣ್ಣದ ಗೆರೆ ಹಾಕಿಟ್ಟುಕೊಳ್ಳಿ. ಇಂಜಿನ್ ಆಫ್ ಮಾಡಿದ ಮೇಲೆ ಗೆರೆ ಮೇಲೆ ಬರುವ ಹಾಗೆ ನಿಲ್ಲಿಸಿ ಲಾಕ್ ಮಾಡಿ. ಬ್ಲೇಡ್ ಕೀಲ್ ಹಿಂದೆ ಅಡಗಿಕೊಳ್ಳುತ್ತದೆ.

ಪ್ರಶ್ನೆ: ಭಾನುವಾರ ಇಳಿದು ನೋಡಿದೆ ಸರ್. ನೀವು ಹೇಳಿದ ಹಾಗೇ ಚಿಪ್ಪು! ಪೂರ್ತಿ ಕೆರೆದೆ. ಈಗ 3150 ಬರುತ್ತದೆ, ಹೊಗೆ ಕಮ್ಮಿಯಾಗಿದೆ. ತುದಿಗೂ ತಳಕ್ಕೂ ನಡುವೆ 2 ಇಂಚು ಇದೆ.

ಉತ್ತರ: ಬಹಳ ಸಂತೋಷ. 16 ಇಂಚು ಬೇಡ, ಒಂದೂವರೆ ಇಂಚೇ ಉಳಿಯುತ್ತದೆ, 10% ಕೂಡ ಇಲ್ಲ. ಇನ್ನೂ 450 ಆರ್‌ಪಿಎಂ ಕಡಿಮೆ ಇದೆ. ಒಂದು ಇಂಚು ಪಿಚ್ ಇಳಿಸಿದರೆ ಸುಮಾರು 200 ಆರ್‌ಪಿಎಂ ಏರುತ್ತದೆ ಅಂತ ಇಟ್ಟುಕೊಂಡರೆ ನಿಮಗೆ ಬೇಕಾದ್ದು 15×10. ಇದೇ ಪ್ರೊಪೆಲ್ಲರಿನ ಪಿಚ್ ಇಳಿಸಿಕೊಡುವವರಿದ್ದಾರೆ, ಹೊಸದಕ್ಕಿಂತ ಎಷ್ಟೋ ಅಗ್ಗ. ಶಾಂತ ನೀರಿನಲ್ಲಿ ಮೆಲ್ಲಗೆ ಹೋಗುವಾಗ ಇದರಿಂದ ಡೀಸೆಲ್ ಖರ್ಚು ಅಷ್ಟೇನೂ ಬದಲಾಗಲ್ಲ. ಎದುರುಗಾಳಿ, ಅಲೆ ಇದ್ದಾಗ ಇಂಜಿನ್ ತನ್ನ ಪೂರ್ತಿ ಶಕ್ತಿ ಕೊಡುತ್ತದೆ, ಆಯಸ್ಸೂ ಹೆಚ್ಚುತ್ತದೆ.

ಅಲ್ಲಿಯ ತನಕ 5.3ರ ಬದಲು 4.8 ನಾಟಿನಲ್ಲಿ ಓಡಿಸಿ. ಬೇಕಾಗುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ, ಹಾಗಾಗಿ ಗಂಟೆಯ ಖರ್ಚು ಸುಮಾರು ಕಾಲು ಭಾಗ ಇಳಿಯುತ್ತದೆ. ತಲುಪುವುದು ತಡ ಆದರೂ, ಅದೇ ದೂರಕ್ಕೆ ಐದನೇ ಒಂದು ಭಾಗದ ಹತ್ತಿರ ಉಳಿಯುತ್ತದೆ. ಮಡಚುವುದು ಕೊಳ್ಳುವ ಮನಸ್ಸಾದರೆ ಹಳೆಯ 15×12 ಹೇಳಬೇಡಿ. ನನಗೆ ಕೊಟ್ಟ ಅಂಕಿಗಳ ಜೊತೆ ಈ ಹೊಸ 3150 ಕೊಡಿ, ಅಳತೆ ಅವರು ಹೇಳಲಿ.