ಬಡಗಿ ತಿದ್ದದೆ ಬಿಟ್ಟ ಕಾಗುಣಿತ

ಭಾನುವಾರದ ಕನ್ನಡ ಕ್ಲಾಸು ಅಂದ್ರೆ ಮಗಳು ಮಂಚದ ಕೆಳಗೆ ಸೇರ್ಕೋತಾಳೆ ಅಂತ ಮೊನ್ನೆ ಬರೆದಿದ್ರಲ್ಲ ಅಕ್ಕ, ನಮ್ಮನೇಲೂ ಅದೇ ಕಥೆ. ಮಗನಿಗೆ ಒಂಬತ್ತು. ಒತ್ತಕ್ಷರ ತಪ್ಪು ಅಂದ್ರೆ ಸಾಕು, ಪೆನ್ಸಿಲ್ ಬಿಸಾಕಿ ಎದ್ದು ಹೋಗ್ತಾನೆ. ನನ್ನ ಹತ್ರ ಪರಿಹಾರ ಏನಿಲ್ಲ. ಹೋದ ಶನಿವಾರ ಆಗಿದ್ದನ್ನ ಹೇಳ್ತೀನಿ.

ಇಂಗ್ಲೆಂಡಿನ ಚೆಷೈರ್‌ನಲ್ಲಿ ಕಾಂಗಲ್ಟನ್ ಹತ್ರ, ಎ34 ರಸ್ತೆ ಪಕ್ಕ ಲಿಟಲ್ ಮೋರ್ಟನ್ ಹಾಲ್ ಅನ್ನೋ ಹಳೇ ಮರದ ಮನೆ ಇದೆ. ಅಲ್ಲಿಂದ ಹೊರಟು, ಸೌತ್ ಚೆಷೈರ್ ವೇ ಅನ್ನೋ ಕಾಲುದಾರಿ ಹಿಡಿದು ಹೊಲಗಳನ್ನ ದಾಟಿ, ಮ್ಯಾಕಲ್ಸ್‌ಫೀಲ್ಡ್ ಕಾಲುವೆ ದಂಡೆ ಮೇಲೆ ನಡೆದು, ಒಂದು ಸುತ್ತು ಹಾಕಿ ವಾಪಸ್ ಬಂದ್ವಿ. ಈ ದೇಶಕ್ಕೆ ಬಂದ ಹೊಸದ್ರಲ್ಲಿ ಬೇರೆಯವರ ಹೊಲದೊಳಗೆ ಕಾಲಿಡೋಕೇ ನಂಗೆ ಭಯ ಇತ್ತು. ಇಲ್ಲಿ ನಡೆಯೋರು ಬಳಸೋ ಆರ್ಡ್ನೆನ್ಸ್ ಸರ್ವೆ ಎಕ್ಸ್‌ಪ್ಲೋರರ್ ನಕ್ಷೇಲಿ ಹಸಿರು ತುಂಡುಗೆರೆ ಇದ್ರೆ ಅದು ಎಲ್ರಿಗೂ ಹಕ್ಕಿರೋ ದಾರಿ, ಯಾರೂ ತಡೆಯೋ ಹಾಗಿಲ್ಲ. ಗೇಟು ಮಾತ್ರ ತೆಗೆದವರೇ ಹಾಕ್ಬೇಕು. ಗಮ್‌ಬೂಟ್ ಮರೀಬೇಡಿ, ಕೆಸರು ಅಂದ್ರೆ ಗದ್ದೆ ನಾಟಿ ನೆನಪಾಗುತ್ತೆ.

ಒಂದು ಹೊಲದಲ್ಲಿ ಎಳೆ ಹೋರಿಗಳು ನಮ್ಮ ಹಿಂದೇನೇ ಬಂದ್ವು. ಇವರು ತಿರುಗಿ ನಿಂತು ಊರಲ್ಲಿ ಕೂಗೋ ಹಾಗೆ "ಹೋಯ್, ನಿಲ್ಲೋ" ಅಂದ್ರು. ನಿಂತ್ವು! "ಅಮ್ಮಾ, ಅವಕ್ಕೆ ಕನ್ನಡ ಬರುತ್ತಾ?" ಅಂದ ಮಗ. ಇಡೀ ದಿನದಲ್ಲಿ ಅವನಾಗೇ ಆಡಿದ ಮೊದಲ ಕನ್ನಡ ಅದು.

ಕಾಲುವೆ ದಂಡೇಲಿ ಚಿತ್ರಾನ್ನ ತಿಂದ್ವಿ. 1831ರಲ್ಲಿ ಶುರುವಾದ ಕಾಲುವೆ ಅದು; ಆಗ ಕುದುರೆಗಳು ದೋಣಿ ಎಳೀತಾ ಹೋಗ್ತಿದ್ದ ದಾರೀಲೇ ಈಗ ನಾವು ನಡೆಯೋದು. ಆ ಕಡೆ ಗುಡ್ಡದ ಮೇಲೆ ಮೌ ಕಾಪ್ ಕೋಟೆ. ಯಾವ ರಾಜಂದು ಅಂತ ಕೇಳಿದ. ಯಾವ ರಾಜಂದೂ ಅಲ್ಲ, 1754ರಲ್ಲಿ ನೋಡೋಕೆ ಚೆಂದ ಅಂತ ಪಾಳು ಬಿದ್ದ ಹಾಗೇ ಕಟ್ಟಿಸಿದ್ದು ಅಂದೆ. ನಂಬ್ಲೇ ಇಲ್ಲ.

ಇನ್ನು ಆ ಮನೆ. ಸುತ್ತ ನೀರಿನ ಕಂದಕ, ಕಪ್ಪು ಮರದ ಚೌಕಟ್ಟು, ಮಧ್ಯೆ ಬಿಳಿ ಗೋಡೆ, ಒಳಗೆ ನಮ್ಮ ತೊಟ್ಟಿಮನೆ ಥರ ಅಂಗಳ. ಎಲ್ಲಾ ಸೊಟ್ಟ. ಕಟ್ಟಿದ ಮೇಲೆ ತಲೆ ಮೇಲೊಂದು ಉದ್ದನೆ ಮೊಗಸಾಲೆ ಏರಿಸಿದ್ದಾರೆ, ಅದಕ್ಕೆ ಕಲ್ಲುಚಪ್ಪಡಿ ಚಾವಣಿ ಬೇರೆ. ಆ ಭಾರಕ್ಕೆ ಕೆಳಗಿನ ಮರ ಬಾಗಿಬಿಟ್ಟಿದೆ.

ಅಂಗಳದ ಕಿಟಕಿಗಳ ಮೇಲೆ ಬರಹ ಕೆತ್ತಿದ್ದಾರೆ. 1559ರಲ್ಲಿ ವಿಲಿಯಂ ಮೋರ್ಟನ್ ಮಾಡಿಸಿದ್ದು ಅಂತ ಒಂದು ಕಡೆ, ದೇವರ ದಯೆಯಿಂದ ಈ ಕಿಟಕಿ ಮಾಡಿದವನು ರಿಚರ್ಡ್ ಡೇಲ್ ಅಂತ ಇನ್ನೊಂದು ಕಡೆ. ಅವನು ಬಡಗಿ. ಕಾರ್ಪೆಂಟರ್ ಅನ್ನೋ ಜಾಗದಲ್ಲಿ 'ಕಾರ್ಪೆಡರ್' ಅಂತಿದೆ. ನಮ್ಮವನು ಒಂದೊಂದೇ ಅಕ್ಷರ ಬೆರಳಲ್ಲಿ ತೋರಿಸಿ ಓದಿದ, ಮತ್ತೆ ಓದಿದ. "ತಪ್ಪು! ಯಾರೂ ಬೈಲಿಲ್ವಾ?" ಆಗಿನ ಕಾಲದಲ್ಲಿ ಅವರವರ ಬಾಯಿಗೆ ಬಂದ ಹಾಗೆ ಬರೀತಿದ್ರು ಕಣೋ ಅಂದೆ. ಬೇಲೂರಲ್ಲಿ ಮದನಿಕೆ ಕಡೆದ ಬಳ್ಳಿಗಾವೆಯ ದಾಸೋಜನೂ ಹೀಗೇ ಹೆಸರು ಕೆತ್ತಿದ್ದಾನೆ ಅಂದಾಗ, ಅವನ ಸ್ಪೆಲ್ಲಿಂಗ್ ಸರಿ ಇದ್ಯಾ ಅಂತ ಕೇಳಿದ. ಮುಂದಿನ ಸಲ ಊರಿಗೆ ಹೋದಾಗ ನೋಡ್ಬೇಕಂತೆ.

ರಾತ್ರಿ ಊಟ ಆದ್ಮೇಲೆ ಕೇಳದೇನೇ ಕನ್ನಡದಲ್ಲಿ ಬರೆದು ತಂದ: 'ಬಡಗಿ ರಿಚರಡ ಡೆಲ'. ಇವರು ಪೆನ್ನು ತಗೊಂಡ್ರು. ನಾನು ಕಿತ್ಕೊಂಡು, ಹಾಗೇ ಫ್ರಿಜ್ ಬಾಗಿಲಿಗೆ ಅಂಟಿಸಿದೆ.